ಭಗಂದರ: ಶಸ್ತ್ರಚಿಕಿತ್ಸೆಗೆ ಮುನ್ನ ಕೇಳಲೇಬೇಕಾದ ಎರಡು ಪ್ರಶ್ನೆಗಳು

ತಲೆನೋವು ಬಂದರೆ ಮನುಷ್ಯನು ಹತ್ತು ಜನರೆದುರು ಹೇಳಿಕೊಳ್ಳುತ್ತಾನೆ. ಮಂಡಿನೋವಿನ ಮಾತು ಮದುವೆಮನೆಯ ಜಗಲಿಯಲ್ಲಿಯೂ ನಡೆಯುತ್ತದೆ. ಆದರೆ ಗುದದ್ವಾರದ ಪಕ್ಕದಲ್ಲಿ ಸಣ್ಣದೊಂದು ರಂಧ್ರವಾಗಿ ಅದರಿಂದ ಕೀವು ಒಸರತೊಡಗಿದರೆ ಆ ಸಂಗತಿಯನ್ನು ಹೆಂಡತಿ ಗಂಡನಿಗೆ ಹೇಳುವುದಿಲ್ಲ, ತಂದೆ ಮಗನಿಗೆ ಹೇಳುವುದಿಲ್ಲ. ಬಟ್ಟೆಗೆ ಕಲೆಯಾದೀತೆಂದು ಹಳೆಯ ಬಟ್ಟೆಯ ಮಡಿಕೆ ಇಟ್ಟುಕೊಂಡು, ಬಸ್ಸಿನಲ್ಲಿ ನಿಂತೇ ಪ್ರಯಾಣ ಮಾಡಿ, ವಾಸನೆ ಬಂದೀತೆಂಬ ಅಂಜಿಕೆಯಿಂದ ಪ್ರಸಾದದ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಹಿಂಜರಿದು ವರ್ಷಗಟ್ಟಲೆ ಕಾಲ ತಳ್ಳುವವರು ನಮ್ಮ ನಡುವೆ ಇದ್ದಾರೆ. ಈ ರೋಗವೇ ಭಗಂದರ. ವೈದ್ಯರ ಮಾತಿನಲ್ಲಿ ಫಿಸ್ಟುಲಾ. ಮೂಲವ್ಯಾಧಿಯೊಡನೆ ಇದನ್ನು ಬೆರೆಸಿ ಮಾತನಾಡುವುದು ರೂಢಿಯಾದರೂ ಇವೆರಡೂ ಬೇರೆ ಬೇರೆ ರೋಗಗಳು, ಇವುಗಳ ಚಿಕಿತ್ಸೆಯೂ ಬೇರೆ ಬೇರೆ.

ಸಂಕೋಚದಿಂದ ಬಾಯಿಮುಚ್ಚಿಕೊಂಡಿದ್ದ ರೋಗಿಯು ಕೊನೆಗೊಂದು ದಿನ ಚಿಕಿತ್ಸೆಗೆ ಹೊರಟಾಗ ಅವನ ಕಣ್ಣಿಗೆ ಮೊದಲು ಬೀಳುವುದು ಫಲಕಗಳು. ಒಂದು ಫಲಕವು 'ಆಪರೇಷನ್ ಇಲ್ಲದೆ ಬುಡಸಮೇತ ಗುಣ' ಎನ್ನುತ್ತದೆ. ಇನ್ನೊಂದು 'ನೋವಿಲ್ಲ, ಗಾಯವಿಲ್ಲ, ಒಂದೇ ದಿನದಲ್ಲಿ ಲೇಸರ್' ಎನ್ನುತ್ತದೆ. ಯಾವ ಪದ್ಧತಿ ಒಳ್ಳೆಯದು, ಹಳೆಯದೋ ಹೊಸದೋ, ಆಯುರ್ವೇದವೋ ಅಲೋಪತಿಯೋ ಎಂಬ ಗೊಂದಲದಲ್ಲಿ ರೋಗಿ ಸಿಲುಕುತ್ತಾನೆ. ನಮ್ಮ ಅಭಿಪ್ರಾಯದಲ್ಲಿ ಈ ಪ್ರಶ್ನೆಯನ್ನು ಅವನು ಆಮೇಲೆ ಕೇಳಬೇಕು. ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು. ನನ್ನ ಭಗಂದರದ ನಾಳವು ಮಲವನ್ನು ತಡೆಹಿಡಿಯುವ ಸ್ನಾಯುವಿನ ಎಷ್ಟು ಭಾಗವನ್ನು ಹಾಯ್ದುಹೋಗಿದೆ? ಈ ಚಿಕಿತ್ಸೆಯಿಂದ ರೋಗ ಹೋಗುವ ಸಾಧ್ಯತೆ ಎಷ್ಟು, ಆ ಸ್ನಾಯುವಿಗೆ ಆಗುವ ನಷ್ಟ ಎಷ್ಟು? ಈ ಎರಡಕ್ಕೂ ಉತ್ತರ ದೊರೆಯದೆ ಯಾವ ಮೇಜಿನ ಮೇಲೂ ಮಲಗಬಾರದೆಂಬುದು ನಮ್ಮ ಖಚಿತವಾದ ನಿಲುವು. ಅದಕ್ಕೆ ಕಾರಣಗಳನ್ನು ಇಲ್ಲಿ ವಿವರಿಸುತ್ತೇವೆ.

ರೋಗದ ಸ್ವರೂಪ

ಗುದನಾಳದ ಒಳಗೋಡೆಯಲ್ಲಿ ಸಣ್ಣ ಸಣ್ಣ ಗ್ರಂಥಿಗಳಿವೆ. ಯಾವುದಾದರೊಂದು ಗ್ರಂಥಿಯ ಬಾಯಿ ಕಟ್ಟಿಕೊಂಡು ಸೋಂಕು ತಗುಲಿದರೆ ಅಲ್ಲಿ ಕೀವು ತುಂಬುತ್ತದೆ. ಆ ಕೀವು ದಾರಿ ಹುಡುಕುತ್ತ ಚರ್ಮದ ಕೆಳಗೆ ಬಂದು ಕುರುವಾಗಿ ಊದಿಕೊಳ್ಳುತ್ತದೆ. ಕುರು ತಾನಾಗಿ ಒಡೆದರೂ ವೈದ್ಯರು ಕೊಯ್ದು ಕೀವು ತೆಗೆದರೂ ಅನೇಕರಿಗೆ ಅಲ್ಲಿಗೇ ವಾಸಿಯಾಗುತ್ತದೆ. ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ ಒಳಗಿನ ಗ್ರಂಥಿಯಿಂದ ಹೊರಗಿನ ಚರ್ಮದವರೆಗೆ ಒಂದು ನಾಳ ಉಳಿದುಬಿಡುತ್ತದೆ. ಒಳಬಾಯಿ ತೆರೆದಿರುವವರೆಗೆ ಈ ನಾಳಕ್ಕೆ ಸೋಂಕು ತಗಲುತ್ತಲೇ ಇರುತ್ತದೆ. ಹೊರಬಾಯಿ ಮುಚ್ಚಿದಂತೆ ಕಂಡು ಕೆಲವು ವಾರ ನೆಮ್ಮದಿಯಾಗಿದ್ದು, ಮತ್ತೆ ಊದಿ, ಮತ್ತೆ ಒಡೆಯುವುದು ಈ ಕಾರಣದಿಂದಲೇ. ಆದುದರಿಂದ ಆಂಟಿಬಯಾಟಿಕ್ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೂ ಮೇಲೆ ಮುಲಾಮು ಹಚ್ಚಿದರೂ ನಾಳ ಮುಚ್ಚುವುದಿಲ್ಲ.

ಇದು ಅತಿ ಸಾಮಾನ್ಯ ರೋಗವೇನಲ್ಲ, ಅಪರೂಪವೂ ಅಲ್ಲ. ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ನಡೆದ, 1984ರಲ್ಲಿ ಪ್ರಕಟವಾದ ಅಧ್ಯಯನವು ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು ಒಂಬತ್ತು ಮಂದಿಗೆ ಇದು ಹೊಸದಾಗಿ ಬರುತ್ತದೆಂದೂ ಗಂಡಸರಲ್ಲಿ ಹೆಂಗಸರಿಗಿಂತ ಎರಡು ಪಟ್ಟು ಹೆಚ್ಚೆಂದೂ ತೋರಿಸಿತು. ದುಡಿಯುವ ವಯಸ್ಸಿನವರಿಗೇ ಇದು ಹೆಚ್ಚಾಗಿ ಬರುವುದರಿಂದ ಇದರ ಪೆಟ್ಟು ಕಾಯದ ಮೇಲೆ ಬೀಳುವಷ್ಟೇ ಕಾಯಕದ ಮೇಲೂ ಬೀಳುತ್ತದೆ.

ಇನ್ನು ಸ್ನಾಯುವಿನ ವಿಚಾರ. ಗುದದ್ವಾರವನ್ನು ಎರಡು ಸಂಕೋಚಕ ಸ್ನಾಯುಗಳು ಉಂಗುರದಂತೆ ಸುತ್ತುವರಿದಿವೆ. ಒಳಗಿನದು ನಮ್ಮ ಇಚ್ಛೆಗೆ ಒಳಪಡದೆ, ನಾವು ನಿದ್ರಿಸುತ್ತಿರುವಾಗಲೂ ದ್ವಾರವನ್ನು ಬಿಗಿಯಾಗಿ ಮುಚ್ಚಿರುತ್ತದೆ. ಹೊರಗಿನದು ನಮ್ಮ ಇಚ್ಛೆಯಂತೆ ನಡೆಯುತ್ತದೆ. ಅವಸರ ಬಂದಾಗ ತಡೆದುಕೊಳ್ಳುವ ಶಕ್ತಿ ಅದರದು. ಭಗಂದರದ ನಾಳವು ಇವೆರಡರ ನಡುವೆ ಅಥವಾ ಇವುಗಳನ್ನು ಸೀಳಿಕೊಂಡು ಅಥವಾ ಇವುಗಳನ್ನು ಮೇಲಿನಿಂದ ಬಳಸಿಕೊಂಡು ಸಾಗುತ್ತದೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ಅಲನ್ ಪಾರ್ಕ್ಸ್ ಮತ್ತು ಸಂಗಡಿಗರು 400 ರೋಗಿಗಳನ್ನು ಪರಿಶೀಲಿಸಿ 1976ರಲ್ಲಿ ಭಗಂದರವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಆ ವಿಂಗಡಣೆಯ ಆಧಾರ ಸ್ನಾಯುವಿಗೂ ನಾಳಕ್ಕೂ ಇರುವ ಈ ಸಂಬಂಧವೇ. ಇಂದಿಗೂ ಜಗತ್ತಿನಾದ್ಯಂತ ಅದೇ ವಿಂಗಡಣೆ ಬಳಕೆಯಲ್ಲಿದೆ.

ಕೆರೆಯ ಏರಿಯನ್ನು ನೆನೆಯಿರಿ. ಇಲಿಯು ಏರಿಯ ಹೊರಮೈಯಲ್ಲಿ ಮೇಲುಮೇಲೆ ಬಿಲ ತೋಡಿದ್ದರೆ ಆ ಭಾಗವನ್ನು ಅಗೆದು ತೆರೆದು ಸರಿಪಡಿಸಬಹುದು, ಏರಿಗೆ ಧಕ್ಕೆಯಿಲ್ಲ. ಬಿಲವು ಏರಿಯ ನಡುಮಧ್ಯದಲ್ಲಿ ಹಾಯ್ದುಹೋಗಿದ್ದರೆ ಅದನ್ನು ಅಗೆದು ತೆಗೆಯಲು ಹೊರಟವನು ಏರಿಯನ್ನೇ ಒಡೆದಂತಾಗುತ್ತದೆ. ಬಿಲ ಹೋಯಿತು ನಿಜ, ಅದರೊಡನೆ ನೀರೂ ಹೋಯಿತು. ಭಗಂದರದ ಶಸ್ತ್ರಚಿಕಿತ್ಸೆಯ ಸಕಲ ಕಷ್ಟವೂ ಇಷ್ಟರಲ್ಲಿ ಅಡಗಿದೆ.

ಹಳೆಯ ರೋಗ, ಹಳೆಯ ಭಯ

ನಮ್ಮ ಪ್ರಾಚೀನರು ಈ ಕಷ್ಟವನ್ನು ಬಲ್ಲವರಾಗಿದ್ದರು. ಸುಶ್ರುತಸಂಹಿತೆಯು ಭಗಂದರವನ್ನು ಎಂಟು ಮಹಾರೋಗಗಳಲ್ಲಿ ಒಂದೆಂದು ಎಣಿಸಿ, ಐದು ಬಗೆಗಳನ್ನು ಹೇಳಿ, ಶಸ್ತ್ರ, ಕ್ಷಾರ, ಅಗ್ನಿ ಈ ಮೂರರಿಂದಲೂ ಚಿಕಿತ್ಸೆಯನ್ನು ವಿವರಿಸಿದೆ.

ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಗೂ ಭಗಂದರವಾಗಿತ್ತು. ಮುಲಾಮು, ಪಟ್ಟಿಗಳೆಲ್ಲವೂ ಸೋತ ಮೇಲೆ 1686ರ ನವೆಂಬರ್ 18ರಂದು ಶಾರ್ಲ್ ಫ್ರಾನ್ಸ್ವಾ ಫೆಲಿಕ್ಸ್ ಎಂಬ ಶಸ್ತ್ರವೈದ್ಯನು ಅದಕ್ಕೆಂದೇ ಮಾಡಿಸಿದ ಬಾಗಿದ ಕತ್ತಿಯಿಂದ ದೊರೆಯ ನಾಳವನ್ನು ತೆರೆದನು. ಅರಿವಳಿಕೆಯೆಂಬುದು ಇಲ್ಲದ ಕಾಲವದು. ದೊರೆಯ ಮೈಮೇಲೆ ಕತ್ತಿಯಾಡಿಸುವ ಮುನ್ನ ಆ ವೈದ್ಯನು ಪ್ಯಾರಿಸ್ಸಿನ ಆಸ್ಪತ್ರೆಗಳ ಬಡ ರೋಗಿಗಳ ಮೇಲೆ ತಿಂಗಳುಗಟ್ಟಲೆ ಕೈ ಪಳಗಿಸಿಕೊಂಡಿದ್ದನು. ದೊರೆ ಗುಣಹೊಂದಿದನು, ವೈದ್ಯನಿಗೆ ಅಪಾರ ಸಂಪತ್ತು ದೊರೆಯಿತು. ಆ ಬಡ ರೋಗಿಗಳ ಗತಿಯೇನಾಯಿತೆಂದು ಇತಿಹಾಸ ಅಷ್ಟು ಆಸ್ಥೆಯಿಂದ ಬರೆದಿಡಲಿಲ್ಲ. ಚಿಕಿತ್ಸೆಯ ಫಲವನ್ನು ಎಲ್ಲ ರೋಗಿಗಳ ವಿಷಯದಲ್ಲಿಯೂ ಲೆಕ್ಕವಿಡಬೇಕೆಂದು ನಾವು ಒತ್ತಾಯಿಸುವುದು ಇದಕ್ಕಾಗಿಯೇ.

ಅದಾಗಿ ಒಂದೂವರೆ ಶತಮಾನದ ಮೇಲೆ, 1835ರಲ್ಲಿ, ಫ್ರೆಡರಿಕ್ ಸಾಲ್ಮನ್ ಎಂಬ ಶಸ್ತ್ರವೈದ್ಯನು ಲಂಡನ್ನಿನಲ್ಲಿ ಭಗಂದರ ಮತ್ತು ಗುದರೋಗಗಳಿಂದ ನರಳುವ ಬಡವರಿಗಾಗಿ ಏಳು ಹಾಸಿಗೆಗಳ ಚಿಕ್ಕ ಆಸ್ಪತ್ರೆಯನ್ನು ತೆರೆದನು. ಅದೇ ಮುಂದೆ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಾಗಿ ಬೆಳೆಯಿತು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ನಿಗೆ 1841ರಲ್ಲಿ ಭಗಂದರದ ಶಸ್ತ್ರಚಿಕಿತ್ಸೆ ಮಾಡಿದವನೂ ಈ ಸಾಲ್ಮನ್ನನೇ. ದೊರೆಗೂ ಲೇಖಕನಿಗೂ ಬಂದ ರೋಗವನ್ನು ಬಡವನು ಹೇಳಿಕೊಳ್ಳಲು ನಾಚಬೇಕಾದುದಿಲ್ಲ.

ಇಂದಿನ ಆಯ್ಕೆಗಳು

ಮೊದಲನೆಯದು, ನಾಳವನ್ನು ಉದ್ದಕ್ಕೂ ತೆರೆದು ಬುಡದಿಂದ ಮಾಯಲು ಬಿಡುವ ಫಿಸ್ಟುಲಾಟಮಿ. ನಾಳವು ಕೆಳಮಟ್ಟದಲ್ಲಿದ್ದು ಸ್ನಾಯುವಿನ ಅಲ್ಪಭಾಗವನ್ನಷ್ಟೇ ಹಾಯ್ದಿದ್ದರೆ ಇದಕ್ಕೆ ಸಮನಾದ ಚಿಕಿತ್ಸೆ ಇಂದಿಗೂ ಇಲ್ಲ. ಹತ್ತರಲ್ಲಿ ಒಂಬತ್ತು ಮಂದಿಗಿಂತ ಹೆಚ್ಚು ಜನರಿಗೆ ರೋಗವು ಮತ್ತೆ ಬಾರದಂತೆ ಗುಣವಾಗುತ್ತದೆ. ದುಬಾರಿ ಯಂತ್ರ ಬೇಡ, ಆಮದು ಸಾಮಗ್ರಿ ಬೇಡ, ಅನುಭವವುಳ್ಳ ಶಸ್ತ್ರವೈದ್ಯರಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಮಾಡಬಹುದು. ಭಗಂದರಗಳಲ್ಲಿ ಬಹುಪಾಲು ಇಂಥ ಸರಳ ಬಗೆಯವೇ ಆಗಿರುವುದರಿಂದ ಬಹುಪಾಲು ರೋಗಿಗಳಿಗೆ ಅತಿ ಅಗ್ಗದ ಚಿಕಿತ್ಸೆಯೇ ಅತ್ಯುತ್ತಮ ಚಿಕಿತ್ಸೆಯೂ ಹೌದು. ಈ ಸತ್ಯವನ್ನು ಯಾವ ಫಲಕವೂ ಹೇಳುವುದಿಲ್ಲ.

ಆದರೆ ಇದೇ ಕತ್ತಿಯನ್ನು ಎತ್ತರದ ಭಗಂದರಕ್ಕೆ ಹಚ್ಚಿದರೆ ಸ್ನಾಯು ತುಂಡಾಗುತ್ತದೆ. ಆಗ ವಾಯು ತಡೆಯಲಾಗದು, ಭೇದಿಯಾದಾಗ ತಡೆಯಲಾಗದು, ಕೆಲವರಿಗೆ ಮಲವನ್ನೇ ತಡೆಯಲಾಗದು. ಹೆಂಗಸರಲ್ಲಿ ಮುಂಭಾಗದ ಸ್ನಾಯು ಸ್ವಭಾವತಃ ಗಿಡ್ಡ. ಹೆರಿಗೆಯಲ್ಲಿ ಅದಕ್ಕೆ ಪೆಟ್ಟಾಗಿರುವ ಸಂಭವವೂ ಉಂಟು. ಆದುದರಿಂದ ತಾಯಂದಿರ ಮುಂಭಾಗದ ಭಗಂದರವನ್ನು ಕೊಯ್ದು ತೆರೆಯುವ ಮುನ್ನ ವೈದ್ಯರು ಹತ್ತು ಸಲ ಯೋಚಿಸಬೇಕು.

ಅಮೆರಿಕದಲ್ಲಿ ನಡೆದು 1996ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಭಗಂದರಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಪ್ರಶ್ನಾವಳಿ ಕಳುಹಿಸಿ 375 ಜನರ ಉತ್ತರವನ್ನು ಅಲ್ಲಿ ಪರಿಶೀಲಿಸಲಾಯಿತು. ರೋಗ ಮರುಕಳಿಸಿದವರು ಶೇ. 8 ಮಾತ್ರ. ತಡೆಹಿಡಿಯುವ ಶಕ್ತಿಯಲ್ಲಿ ಅಲ್ಪವೋ ಅಧಿಕವೋ ಒಂದು ಬಗೆಯ ಕೊರತೆಯಾಗಿದೆಯೆಂದವರು ಶೇ. 45. ಆಸ್ಪತ್ರೆಯ ಪುಸ್ತಕದಲ್ಲಿ ಮೊದಲ ಅಂಕಿಯನ್ನಷ್ಟೇ ಬರೆದರೆ ಅದು ದೊಡ್ಡ ಯಶಸ್ಸು. ಮನೆಗೆ ಹೋದ ರೋಗಿಯು ಬದುಕುವುದು ಎರಡನೆಯ ಅಂಕಿಯೊಡನೆ. ಅನೇಕರ ಕೊರತೆ ಸಣ್ಣದಾಗಿದ್ದಿರಬಹುದು. ಆದರೂ ಕೇಳದಿದ್ದರೆ ಯಾರೂ ಹೇಳುತ್ತಿರಲಿಲ್ಲ ಎಂಬುದನ್ನು ಮರೆಯಬಾರದು.

ಎರಡನೆಯದು ಸೀಟನ್, ಎಂದರೆ ನಾಳದೊಳಗೆ ದಾರವನ್ನು ಪೋಣಿಸಿ ಗಂಟು ಹಾಕುವುದು. ಇದರಲ್ಲಿ ಎರಡು ಬಗೆ. ಸಡಿಲವಾಗಿ ಕಟ್ಟಿದ ದಾರವು ಏನನ್ನೂ ಕತ್ತರಿಸುವುದಿಲ್ಲ. ಕೀವು ನಿಲ್ಲದೆ ಹರಿದುಹೋಗುವಂತೆ ದಾರಿ ತೆರೆದಿಟ್ಟು, ಸೋಂಕು ತಣ್ಣಗಾಗುವವರೆಗೆ ಕಾಯುತ್ತದೆ. ಜಟಿಲ ಭಗಂದರದಲ್ಲಿ ಮೊದಲ ಹೆಜ್ಜೆಯಾಗಿ ಇದು ಬಹು ಉಪಯುಕ್ತ. ಬಿಗಿಯಾಗಿ ಕಟ್ಟಿ ಆಗಾಗ ಇನ್ನಷ್ಟು ಬಿಗಿಗೊಳಿಸುವ ದಾರವಾದರೋ ಸ್ನಾಯುವನ್ನು ನಿಧಾನವಾಗಿ ಕತ್ತರಿಸುತ್ತದೆ. ಒಮ್ಮೆಲೇ ಕೊಯ್ಯುವುದಕ್ಕಿಂತ ಇದು ಮೃದುವೆಂಬ ನಂಬಿಕೆಯಿದ್ದರೂ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಈ ಬಗೆಯಲ್ಲಿ ತಡೆಹಿಡಿಯುವ ಶಕ್ತಿ ಕುಂದಿದವರು ಸರಾಸರಿ ಶೇ. 12ರಷ್ಟಿದ್ದರೆಂದು ತಿಳಿಸಿತು. ನಿಧಾನವಾಗಿ ಕತ್ತರಿಸಿದರೂ ಕತ್ತರಿಸಿದ್ದು ಕತ್ತರಿಸಿದ್ದೇ.

ಮೂರನೆಯದು ಸ್ನಾಯುವನ್ನು ಉಳಿಸುವ ಶಸ್ತ್ರಚಿಕಿತ್ಸೆಗಳು. ಗುದನಾಳದ ಒಳಪದರದ ಒಂದು ತುಂಡನ್ನು ಬುಡಸಹಿತ ಎಬ್ಬಿಸಿ ತಂದು ಒಳಬಾಯಿಯ ಮೇಲೆ ಹೊದಿಸಿ ಹೊಲಿಯುವ ಫ್ಲಾಪ್ ವಿಧಾನದಲ್ಲಿ ಸುಮಾರು ಐದರಲ್ಲಿ ನಾಲ್ವರಿಗೆ ಗುಣವಾಗುತ್ತದೆ; ಇದಕ್ಕೆ ನುರಿತ ಕೈ ಬೇಕು. ಲಿಫ್ಟ್ ಎಂಬ ವಿಧಾನವನ್ನು ಥಾಯ್ಲೆಂಡಿನ ಬ್ಯಾಂಕಾಕ್ ನಗರದ ಶಸ್ತ್ರವೈದ್ಯ ಅರುಣ್ ರೋಜನಸಕುಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ಇದರಲ್ಲಿ ಎರಡು ಸ್ನಾಯುಗಳ ನಡುವಣ ಸಂದಿಗೆ ಹೋಗಿ, ಅಲ್ಲಿ ನಾಳವನ್ನು ಕಟ್ಟಿ ಕತ್ತರಿಸುತ್ತಾರೆ, ಸ್ನಾಯುವನ್ನು ಮುಟ್ಟುವುದಿಲ್ಲ. ಅವರ ಮೊದಲ 18 ರೋಗಿಗಳಲ್ಲಿ 17 ಜನರಿಗೆ ಗುಣವಾಗಿತ್ತು. ಜಗತ್ತಿನ ಬೇರೆ ಬೇರೆ ಕಡೆ ಸಾವಿರಾರು ಜನರಿಗೆ ಮಾಡಿದ ಮೇಲೆ ಆ ಪ್ರಮಾಣವು ಸುಮಾರು ಮುಕ್ಕಾಲು ಪಾಲಿಗೆ ಇಳಿದು ನಿಂತಿದೆ. ಇದು ಒಳ್ಳೆಯ ಫಲವೇ, ಏಕೆಂದರೆ ಸ್ನಾಯುವಿಗೆ ಹಾನಿ ಅತ್ಯಲ್ಪ. ವಿಫಲವಾದರೂ ಮುಂದಿನ ದಾರಿ ಮುಚ್ಚುವುದಿಲ್ಲ. ಆದರೆ ಹೊಸ ವಿಧಾನದ ಮೊದಲ ವರದಿಗೂ ಹತ್ತು ವರ್ಷಗಳ ಅನುಭವಕ್ಕೂ ಇರುವ ಅಂತರವನ್ನು ಇದು ಚೆನ್ನಾಗಿ ತೋರಿಸುತ್ತದೆ.

ನಾಲ್ಕನೆಯದು ಯಂತ್ರ ಹಾಗೂ ಸಾಮಗ್ರಿಗಳ ಸಾಲು: ನಾಳದೊಳಗೆ ಲೇಸರ್ ತಂತುವನ್ನು ತೂರಿಸಿ ಸುಡುವುದು, ದುರ್ಬೀನಿನಿಂದ ನೋಡುತ್ತ ಒಳಗನ್ನು ಶುಚಿಗೊಳಿಸಿ ಸುಡುವ ವಾಫ್ಟ್, ನಾಳಕ್ಕೆ ಜೈವಿಕ ಅಂಟು ತುಂಬುವುದು, ಬೆಣೆಯಂಥ ಪ್ಲಗ್ ಇಟ್ಟು ಮುಚ್ಚುವುದು. ಇವೆಲ್ಲವೂ ಸ್ನಾಯುವಿಗೆ ಹಾನಿ ಕಡಿಮೆ ಮಾಡುತ್ತವೆಯೆಂಬುದು ನಿಜ, ನೋವೂ ಕಡಿಮೆ. ಗುಣವಾಗುವ ಖಾತರಿ ಮಾತ್ರ ಫಲಕದಲ್ಲಿರುವಷ್ಟಿಲ್ಲ. ಲೇಸರ್ ಚಿಕಿತ್ಸೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಮೊದಲ ಪ್ರಯತ್ನಕ್ಕೆ ಗುಣಹೊಂದಿದವರು ಸುಮಾರು ಮೂರರಲ್ಲಿ ಇಬ್ಬರು. ಬ್ರಿಟನ್ನಿನಲ್ಲಿ 304 ರೋಗಿಗಳನ್ನು ಸೇರಿಸಿಕೊಂಡು ಪ್ಲಗ್ ವಿಧಾನವನ್ನು ಇತರ ಶಸ್ತ್ರಚಿಕಿತ್ಸೆಗಳೊಡನೆ ಹೋಲಿಸಿದ ದೊಡ್ಡ ಪರೀಕ್ಷೆಯಲ್ಲಿ ಒಂದು ವರ್ಷದ ನಂತರ ಗುಣವಾಗಿದ್ದವರು ಪ್ಲಗ್ ಗುಂಪಿನಲ್ಲಿ ಶೇ. 54, ಇನ್ನೊಂದು ಗುಂಪಿನಲ್ಲಿ ಶೇ. 55. ಸ್ನಾಯುವನ್ನು ಹಾಯ್ದ ಭಗಂದರವು ಅನುಭವಿ ವೈದ್ಯರ ಕೈಯಲ್ಲಿಯೂ ಎಷ್ಟು ಹಟಮಾರಿಯಾಗಿರುತ್ತದೆಂಬುದಕ್ಕೆ ಇದೇ ಸಾಕ್ಷಿ. ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯಿಂದ ಬರುವ ಭಗಂದರಕ್ಕೆ ಯುರೋಪಿನಲ್ಲಿ 2018ರಲ್ಲಿ ಅನುಮತಿ ಪಡೆದ ಕಾಂಡಕೋಶ ಚಿಕಿತ್ಸೆಯು ಮುಂದಿನ ದೊಡ್ಡ ಪರೀಕ್ಷೆಯಲ್ಲಿ ಗುರಿ ಮುಟ್ಟಲಾರದೆ 2024ರಲ್ಲಿ ಅಲ್ಲಿನ ಮಾರುಕಟ್ಟೆಯಿಂದಲೇ ಹಿಂದೆ ಸರಿಯಿತು.

ಕ್ಷಾರಸೂತ್ರ

ಐದನೆಯ ಆಯ್ಕೆ ನಮ್ಮ ದೇಶದ್ದೇ. ಗಟ್ಟಿಯಾದ ನಾರಿನ ದಾರಕ್ಕೆ ಕಳ್ಳಿಯ ಹಾಲು, ಉತ್ತರಾಣಿಯ ಕ್ಷಾರ, ಅರಿಶಿನದ ಪುಡಿ ಇವುಗಳನ್ನು ಕ್ರಮವಾಗಿ ಒಟ್ಟು 21 ಬಾರಿ ಲೇಪಿಸಿ ಒಣಗಿಸಿದರೆ ಕ್ಷಾರಸೂತ್ರ ಸಿದ್ಧವಾಗುತ್ತದೆ. ಅದನ್ನು ನಾಳದಲ್ಲಿ ಪೋಣಿಸಿ ಕಟ್ಟಿ, ವಾರಕ್ಕೊಮ್ಮೆ ಹಳೆಯ ದಾರಕ್ಕೆ ಹೊಸ ದಾರವನ್ನು ಗಂಟುಹಾಕಿ ಎಳೆದು ಬದಲಿಸುತ್ತಾರೆ. ನಾಳವು ವಾರಕ್ಕೆ ಸುಮಾರು ಒಂದು ಸೆಂಟಿಮೀಟರಿನಂತೆ ತೆರೆದುಕೊಳ್ಳುತ್ತ, ಹಿಂದಿನಿಂದ ಮಾಯುತ್ತ ಬರುತ್ತದೆ. ಪ್ರಾಚೀನ ಗ್ರಂಥಗಳಲ್ಲಿದ್ದು ಬಳಕೆಯಿಂದ ಮರೆಯಾಗುತ್ತಿದ್ದ ಈ ವಿಧಾನಕ್ಕೆ 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯರು ಮರುಜೀವ ಕೊಟ್ಟರು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇದನ್ನು ಹಲವು ಕೇಂದ್ರಗಳಲ್ಲಿ ಶಸ್ತ್ರಚಿಕಿತ್ಸೆಯೊಡನೆ ಹೋಲಿಸಿ ಪರೀಕ್ಷಿಸಿ 1991ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಕ್ಷಾರಸೂತ್ರ ಪಡೆದವರು 265, ಶಸ್ತ್ರಚಿಕಿತ್ಸೆ ಪಡೆದವರು 237. ಮಾಯಲು ಹಿಡಿದ ಕಾಲ ಕ್ಷಾರಸೂತ್ರದಲ್ಲಿ ಎಂಟು ವಾರ, ಶಸ್ತ್ರಚಿಕಿತ್ಸೆಯಲ್ಲಿ ನಾಲ್ಕು ವಾರ. ಮರುಕಳಿಸಿದ ಪ್ರಮಾಣ ಕ್ಷಾರಸೂತ್ರದಲ್ಲಿ ಶೇ. 4, ಶಸ್ತ್ರಚಿಕಿತ್ಸೆಯಲ್ಲಿ ಶೇ. 11. ನಿಧಾನವಾಗಿ ಗುಣವಾಗುತ್ತದೆ, ಆದರೆ ಮರಳಿ ಬರುವುದು ಕಡಿಮೆ ಎಂಬುದು ಇದರ ಸಾರ. ಚಿಕಿತ್ಸೆ ನಡೆಯುತ್ತಿರುವಾಗಲೇ ರೋಗಿಯು ನಡೆದಾಡುತ್ತ ತನ್ನ ಕೆಲಸ ಮಾಡಿಕೊಂಡಿರಬಹುದೆಂಬುದು ಕೂಲಿಕಾರನಿಗೂ ರೈತನಿಗೂ ದೊಡ್ಡ ಅನುಕೂಲ. ಪ್ರತಿ ವಾರ ಬಸ್ಸಿನ ಖರ್ಚು, ದಾರ ಬದಲಿಸಿದ ದಿನದ ಉರಿನೋವು ಇವೂ ಲೆಕ್ಕದಲ್ಲಿರಲಿ.

ಕ್ಷಾರಸೂತ್ರವನ್ನು ನಾವು ಗೌರವಿಸುತ್ತೇವೆ. ಆ ಗೌರವದಿಂದಲೇ ಒಂದು ಎಚ್ಚರಿಕೆಯ ಮಾತನ್ನೂ ಹೇಳುತ್ತೇವೆ. 'ಕತ್ತರಿಸದೆ ಗುಣ' ಎಂಬ ಪ್ರಚಾರ ಸರಿಯಲ್ಲ. ಕ್ಷಾರಸೂತ್ರವೂ ತಾನು ಸುತ್ತಿಕೊಂಡ ಅಂಗಾಂಶವನ್ನು ನಿಧಾನವಾಗಿ ಕತ್ತರಿಸುತ್ತದೆ. ಆ ಸುತ್ತಿನೊಳಗೆ ಸ್ನಾಯುವಿದ್ದರೆ ಅದನ್ನೂ ಕತ್ತರಿಸುತ್ತದೆ. ಆದುದರಿಂದ ಎತ್ತರದ ಭಗಂದರಕ್ಕೆ ಇದನ್ನು ಹಾಕುವ ಮುನ್ನವೂ ಸ್ನಾಯುವಿನ ಪ್ರಶ್ನೆಯನ್ನು ಕೇಳಲೇಬೇಕು. ಶಲ್ಯತಂತ್ರವನ್ನು ಶಾಸ್ತ್ರೋಕ್ತವಾಗಿ ಕಲಿತ ವೈದ್ಯರ ಕೈಯಲ್ಲಿ ಇದು ಔಷಧ. ಬೀದಿಬದಿಯ ಕೊಠಡಿಯಲ್ಲಿ, ಯಾವ ಓದೂ ಇಲ್ಲದವನು ಗುರುತು ಹೇಳದ ದಾರವನ್ನು ಕಟ್ಟಿದರೆ ಅಥವಾ ಸುಡುವ ದ್ರವವನ್ನು ಚುಚ್ಚಿದರೆ ಅದು ಅಪಾಯ. ಎರಡಕ್ಕೂ ಒಂದೇ ಹೆಸರು ಇರುವುದರಿಂದ ಒಳ್ಳೆಯ ಪದ್ಧತಿಯು ಕೆಟ್ಟ ಹೆಸರನ್ನು ಹೊರಬೇಕಾಗಿದೆ.

ನಾಳದ ನಕ್ಷೆ

ಮೇಲೆ ಹೇಳಿದ ಆಯ್ಕೆಗಳಲ್ಲಿ ಯಾವುದು ಯಾರಿಗೆ ಎಂಬುದು ನಾಳದ ದಾರಿಯನ್ನು ಅವಲಂಬಿಸಿದೆ. ಸರಳ ಭಗಂದರದಲ್ಲಿ ಅನುಭವಿ ವೈದ್ಯರ ಬೆರಳೇ ಆ ದಾರಿಯನ್ನು ತಿಳಿಯಬಲ್ಲದು. ದುಬಾರಿ ಪರೀಕ್ಷೆ ಬೇಕಿಲ್ಲ. ಒಮ್ಮೆ ಶಸ್ತ್ರಚಿಕಿತ್ಸೆಯಾಗಿ ಮರುಕಳಿಸಿದ್ದರೆ, ಹಲವು ರಂಧ್ರಗಳಿದ್ದರೆ, ನಾಳವು ಎತ್ತರದಲ್ಲಿದೆಯೆಂಬ ಸಂಶಯವಿದ್ದರೆ ಎಂಆರ್‌ಐ ಅವಶ್ಯ. ಸೇಂಟ್ ಮಾರ್ಕ್ಸ್ ಆಸ್ಪತ್ರೆಯವರು ಮರುಕಳಿಸಿದ ಭಗಂದರವುಳ್ಳ 71 ರೋಗಿಗಳನ್ನು ಕುರಿತು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟಪಡಿಸುತ್ತದೆ. ಶಸ್ತ್ರಚಿಕಿತ್ಸೆಯು ಎಂಆರ್‌ಐ ಚಿತ್ರದೊಡನೆ ಹೊಂದಿಕೆಯಾದವರಲ್ಲಿ ಮತ್ತೆ ಮರುಕಳಿಸಿದ್ದು ಶೇ. 13, ಹೊಂದಿಕೆಯಾಗದವರಲ್ಲಿ ಶೇ. 52. ಮರುಕಳಿಸಿದ ಜಾಗವೂ ಚಿತ್ರವು ಮೊದಲೇ ತೋರಿಸಿದ್ದ ಜಾಗವೇ ಆಗಿತ್ತು. ಮೂರು ಮೂರು ಸಲ ಶಸ್ತ್ರಚಿಕಿತ್ಸೆಗೆ ಖರ್ಚು ಮಾಡುವ ಕುಟುಂಬಕ್ಕೆ ಒಂದು ಎಂಆರ್‌ಐ ದುಬಾರಿಯಲ್ಲ.

ನಮ್ಮ ನಾಡಿಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಮಾತು ಕ್ಷಯದ್ದು. ಕ್ಷಯರೋಗವು ಶ್ವಾಸಕೋಶಕ್ಕೆ ಮಾತ್ರ ಸೀಮಿತವಲ್ಲ, ಭಗಂದರವಾಗಿಯೂ ಕಾಣಿಸಿಕೊಳ್ಳಬಲ್ಲದು. ಅಂಥಲ್ಲಿ ಎಷ್ಟು ಕೊಯ್ದರೂ ಫಲವಿಲ್ಲ, ಕ್ಷಯದ ಔಷಧವೇ ಬೇಕು. ಆದುದರಿಂದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶದ ತುಣುಕನ್ನು ಎಸೆಯದೆ ಪರೀಕ್ಷೆಗೆ ಕಳುಹಿಸಬೇಕು. ಪದೇ ಪದೇ ಭೇದಿ, ತೂಕ ಇಳಿಯುವಿಕೆ, ಹೊಟ್ಟೆನೋವು ಜೊತೆಗಿದ್ದರೆ ಕ್ರೋನ್ಸ್ ಕಾಯಿಲೆಯನ್ನು ಶಂಕಿಸಬೇಕು. ಮಧುಮೇಹವುಳ್ಳವರಿಗೆ ಗುದದ ಬಳಿ ನೋವಿನ ಬಾವು, ಜ್ವರ ಬಂದರೆ ಒಂದು ದಿನವನ್ನೂ ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿನ ಸೋಂಕು ವೇಗವಾಗಿ ಹರಡಿ ಪ್ರಾಣಕ್ಕೆ ಎರವಾಗಬಲ್ಲದು.

ಕೇಳುವ ಹಕ್ಕು, ಹೇಳುವ ಹೊಣೆ

ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿ ಹಾಕುವ ಮುನ್ನ ರೋಗಿ ಅಥವಾ ಅವರ ಮನೆಯವರು ಈ ಮಾತುಗಳನ್ನು ಕೇಳಬೇಕೆಂದು ನಾವು ಬಯಸುತ್ತೇವೆ. ನಾಳವು ಸ್ನಾಯುವಿನ ಎಷ್ಟು ಭಾಗವನ್ನು ಹಾಯ್ದಿದೆ? ನೀವು ಮಾಡುವ ಚಿಕಿತ್ಸೆಯಲ್ಲಿ ಸ್ನಾಯು ಕತ್ತರಿಸುತ್ತದೆಯೇ? ನಿಮ್ಮ ಕೈಯಲ್ಲಿ ಈ ಚಿಕಿತ್ಸೆ ಪಡೆದವರಲ್ಲಿ ವರ್ಷದ ನಂತರ ಎಷ್ಟು ಜನ ಗುಣವಾಗಿದ್ದಾರೆ? ವಾಯು, ಮಲ ತಡೆಯುವುದರಲ್ಲಿ ಎಷ್ಟು ಜನರಿಗೆ ತೊಂದರೆಯಾಗಿದೆ? ಇದು ವಿಫಲವಾದರೆ ಮುಂದಿನ ದಾರಿ ಯಾವುದು? ಎಷ್ಟು ದಿನ ಕೆಲಸ ಬಿಡಬೇಕು, ಗಾಯಕ್ಕೆ ಪಟ್ಟಿ ಕಟ್ಟುವವರು ಯಾರು? ಈ ಪ್ರಶ್ನೆಗಳಿಗೆ ಸಿಡುಕದೆ ಉತ್ತರಿಸುವ ವೈದ್ಯರಲ್ಲಿ ನಿಶ್ಚಿಂತೆಯಿಂದ ಚಿಕಿತ್ಸೆ ಪಡೆಯಿರಿ. 'ನೂರಕ್ಕೆ ನೂರು ಗುಣ, ಏನೂ ಆಗುವುದಿಲ್ಲ' ಎನ್ನುವವರಲ್ಲಿ ಇನ್ನೊಮ್ಮೆ ಯೋಚಿಸಿ.

ಅಂಕಿಗಳನ್ನು ಹೇಳಿದರೆ ಹಳ್ಳಿಯ ರೋಗಿಗಳು ಹೆದರಿ ಓಡಿಹೋಗುತ್ತಾರೆ, ಕೊನೆಗೆ ಫಲಕದವನ ಬಳಿಯೇ ಸೇರುತ್ತಾರೆ ಎಂದು ಕೆಲವು ವೈದ್ಯಮಿತ್ರರು ಆಕ್ಷೇಪಿಸುವುದುಂಟು. ಈ ಆತಂಕವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಮಳೆ ಬಂದರೆ ಎಷ್ಟು, ಬಾರದಿದ್ದರೆ ಎಷ್ಟು ಎಂದು ಪ್ರತಿವರ್ಷ ಲೆಕ್ಕಹಾಕಿ ಬಿತ್ತುವ ರೈತನು ಲಾಭನಷ್ಟದ ಮಾತನ್ನು ಅರಿಯಲಾರನೆಂಬುದು ಅವನ ಬುದ್ಧಿಗೆ ಮಾಡುವ ಅವಮಾನ. 'ನಾಲ್ವರಲ್ಲಿ ಮೂವರಿಗೆ ವಾಸಿಯಾಗುತ್ತದೆ, ಒಬ್ಬರಿಗೆ ಇನ್ನೊಮ್ಮೆ ಮಾಡಬೇಕಾಗುತ್ತದೆ, ಆದರೆ ನಿಮ್ಮ ತಡೆಯುವ ಶಕ್ತಿ ಉಳಿಯುತ್ತದೆ' ಎಂದು ಅಚ್ಚಗನ್ನಡದಲ್ಲಿ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಮೊದಲೇ ಹೇಳಿದ್ದರೆ ಎರಡನೆಯ ಶಸ್ತ್ರಚಿಕಿತ್ಸೆ ಚಿಕಿತ್ಸೆಯ ಒಂದು ಭಾಗವೆನಿಸುತ್ತದೆ; ಹೇಳದಿದ್ದರೆ ಮೋಸವೆನಿಸುತ್ತದೆ. ಇಂಗ್ಲಿಷಿನಲ್ಲಿ ಅಚ್ಚಾದ ಒಪ್ಪಿಗೆಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆಯೆನಿಸದು.

ನಮ್ಮ ನಾಡಿನಲ್ಲಿ ಅನೇಕ ಮಠಗಳು ವೈದ್ಯಕೀಯ ಮಹಾವಿದ್ಯಾಲಯಗಳನ್ನೂ ಆಯುರ್ವೇದ ಮಹಾವಿದ್ಯಾಲಯಗಳನ್ನೂ ನಡೆಸಿಕೊಂಡು ಬರುತ್ತಿವೆ. ಭಗಂದರದ ವಿಷಯದಲ್ಲಿ ಇಂಥ ಸಂಸ್ಥೆಗಳು ನಾಡಿಗೇ ಮಾದರಿಯಾಗಬಲ್ಲವು. ಶಸ್ತ್ರವೈದ್ಯರೂ ಶಲ್ಯತಂತ್ರದ ವೈದ್ಯರೂ ವಾರಕ್ಕೊಂದು ದಿನ ಒಂದೇ ಕೊಠಡಿಯಲ್ಲಿ ಕುಳಿತು ರೋಗಿಯನ್ನು ಒಟ್ಟಿಗೆ ಪರೀಕ್ಷಿಸಲಿ. ಇವರಿಗೆ ಕ್ಷಾರಸೂತ್ರ, ಇವರಿಗೆ ತೆರೆಯುವ ಚಿಕಿತ್ಸೆ, ಇವರಿಗೆ ಲಿಫ್ಟ್ ಎಂದು ನಾಳದ ನಕ್ಷೆ ನೋಡಿ ನಿರ್ಧರಿಸಲಿ. ಹೆಂಗಸರಿಗೆ ಮಹಿಳಾ ವೈದ್ಯರ ಪರೀಕ್ಷೆ ಇರಲಿ. ಚಿಕಿತ್ಸೆ ಪಡೆದ ಪ್ರತಿಯೊಬ್ಬರನ್ನೂ ಒಂದು ವರ್ಷದ ಮೇಲೆ ಫೋನಿನಲ್ಲಾದರೂ ವಿಚಾರಿಸಿ, ರೋಗ ಮರಳಿತೇ, ತಡೆಯುವ ಶಕ್ತಿ ಹೇಗಿದೆ ಎಂಬ ಎರಡು ಪ್ರಶ್ನೆ ಕೇಳಿ ಪುಸ್ತಕದಲ್ಲಿ ಬರೆದಿಡಲಿ. ಇದಕ್ಕೆ ಬೇಕಾದುದು ಒಂದು ದಪ್ಪ ಪುಸ್ತಕ, ಒಬ್ಬ ಶ್ರದ್ಧಾವಂತ ದಾದಿ. ಹೀಗೆ ಐದು ವರ್ಷ ಬರೆದಿಟ್ಟರೆ, ಯಾರಿಗೆ ಯಾವ ಚಿಕಿತ್ಸೆ ಎಂಬ ಪ್ರಶ್ನೆಗೆ ಹೊರದೇಶದ ಅಂಕಿಗಳನ್ನು ಉದಾಹರಿಸಬೇಕಾದ ಪ್ರಮೇಯ ನಮಗೂ ಇರುವುದಿಲ್ಲ.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ಈ ತೊಂದರೆಯಿದ್ದರೆ ಬಚ್ಚಿಡಬೇಡಿ. ಹತ್ತಿರದ ಸರಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಮೊದಲು ತೋರಿಸಿ. ಬಿಪಿಎಲ್ ಪಡಿತರ ಚೀಟಿಯುಳ್ಳವರು ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯ ನೆರವು ದೊರೆಯುವುದೇ ಎಂದು ಅಲ್ಲಿಯೇ ವಿಚಾರಿಸಿ. ಚಿಕಿತ್ಸೆಯಾದ ಮೇಲೆ ದಿನಕ್ಕೆರಡು ಮೂರು ಬಾರಿ ಅಗಲವಾದ ಬೇಸಿನ್ನಿನ ಉಗುರುಬೆಚ್ಚಗಿನ ನೀರಿನಲ್ಲಿ ಕುಳಿತುಕೊಳ್ಳುವುದು, ಮಲ ಗಟ್ಟಿಯಾಗದಂತೆ ಸೊಪ್ಪು, ಹಣ್ಣು, ರಾಗಿ, ಜೋಳ, ಸಾಕಷ್ಟು ನೀರು ಸೇವಿಸುವುದು, ಗಾಯ ಮೇಲೆ ಮುಚ್ಚಿದಂತೆ ಕಂಡರೂ ವೈದ್ಯರು ಬರಹೇಳಿದ ದಿನ ತಪ್ಪದೆ ಹೋಗುವುದು ನಿಮ್ಮ ಪಾಲಿನ ಕೆಲಸ. ವೈದ್ಯರ ಮುಂದೆ ಕುಳಿತಾಗ ಆ ಎರಡು ಪ್ರಶ್ನೆಗಳನ್ನು ಮರೆಯದೆ ಕೇಳಿ. ಕೇಳಲು ನಾಚಿಕೆಯಾದರೆ ಈ ಪುಟವನ್ನೇ ಅವರ ಮುಂದಿಡಿ.